ಕೋಚ್ ಹೋದ ಮಾರನೆಯ ದಿನ

(ಅಮೆರಿಕದ ಸಣ್ಣ ಕಾಲೇಜುಗಳ ಫುಟ್‌ಬಾಲ್ ತಂಡಗಳಲ್ಲಿ ಕೋಚ್ ಬದಲಾವಣೆಯನ್ನು ಕ್ರೀಡಾ ನಿರ್ದೇಶಕರು ನಿಭಾಯಿಸುವ ಬಗೆ ಕುರಿತ ಉಪನ್ಯಾಸದ ಪಠ್ಯ)



ಅಮೆರಿಕದಲ್ಲಿ ನವೆಂಬರ್ ಎಂದರೆ ಸಣ್ಣ ಕಾಲೇಜುಗಳ ಫುಟ್‌ಬಾಲ್ ಋತು ಮುಗಿಯುವ ತಿಂಗಳು. ಕೊನೆಯ ಪಂದ್ಯ ಶನಿವಾರ ಮಧ್ಯಾಹ್ನ ನಡೆಯುತ್ತದೆ. ಅದಾದ ಒಂದೆರಡು ದಿನಗಳಲ್ಲಿ ಕೆಲವು ಕಾಲೇಜುಗಳಲ್ಲಿ ಒಂದು ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಕುಳಿತವರು ಇಬ್ಬರೇ. ಒಬ್ಬರು ತಂಡದ ಕೋಚ್, ಇನ್ನೊಬ್ಬರು ಕಾಲೇಜಿನ ಕ್ರೀಡಾ ನಿರ್ದೇಶಕ. ಮಾತು ಬಹಳ ಹೊತ್ತು ನಡೆಯುವುದಿಲ್ಲ. ಬಾಗಿಲು ತೆರೆದಾಗ ಒಬ್ಬರ ಕೆಲಸ ಹೋಗಿರುತ್ತದೆ, ಇನ್ನೊಬ್ಬರ ಕೆಲಸ ಶುರುವಾಗಿರುತ್ತದೆ.

ಗೆದ್ದವರ ಕಥೆಯನ್ನು ಪತ್ರಿಕೆಗಳು ಬರೆಯುತ್ತವೆ. ಸೋತ ಕೋಚ್‌ನನ್ನು ಕಳಿಸಿಕೊಡುವುದು ಹೇಗೆ, ಅವನ ಜಾಗಕ್ಕೆ ಇನ್ನೊಬ್ಬರನ್ನು ತರುವುದು ಹೇಗೆ, ನಡುವಿನ ದಿನಗಳಲ್ಲಿ ನೂರು ಹುಡುಗರನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬುದು ಅಷ್ಟಾಗಿ ಸುದ್ದಿಯಾಗುವುದಿಲ್ಲ. ಆದರೆ ಒಂದು ಸಣ್ಣ ಕಾಲೇಜಿನ ಅಳಿವು ಉಳಿವು ಎಷ್ಟೋ ಸಲ ಈ ಪ್ರಶ್ನೆಗಳನ್ನೇ ಅವಲಂಬಿಸಿರುತ್ತದೆ.

ಆಟ ಯಾವುದು, ಕಾಲೇಜು ಯಾವುದು?

ಮೊದಲು ಒಂದು ಸ್ಪಷ್ಟನೆ. ಇಲ್ಲಿ ಹೇಳುತ್ತಿರುವುದು ಪೆಲೆ, ಮರಡೋನಾ ಆಡಿದ ಫುಟ್‌ಬಾಲ್ ಅಲ್ಲ. ಆ ಆಟಕ್ಕೆ ಅಮೆರಿಕನ್ನರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲ್‌ನಲ್ಲಿ ಚೆಂಡು ಎರಡು ತುದಿಗಳಲ್ಲಿ ಚೂಪಾಗಿರುತ್ತದೆ, ಆಟಗಾರರು ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ ತೊಟ್ಟು ಡಿಕ್ಕಿ ಹೊಡೆಯುತ್ತಾರೆ. ಮೈದಾನದಲ್ಲಿ ಒಂದು ಕಡೆಗೆ ಹನ್ನೊಂದು ಜನ. ಆದರೆ ಆಕ್ರಮಣಕ್ಕೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು, ಒದೆತಕ್ಕೆ ಮತ್ತೆ ಬೇರೆಯವರು. ಹಾಗಾಗಿ ತಂಡವೆಂದರೆ ನೂರು ಜನರ ದಂಡು.

ಈ ಆಟದಲ್ಲಿ ಕೋಚ್‌ನ ಮಹತ್ವ ನಮ್ಮ ಕ್ರಿಕೆಟ್‌ಗಿಂತ ಬಹಳ ಹೆಚ್ಚು. ಪ್ರತಿ ಸಲ ಚೆಂಡು ಆಟಕ್ಕೆ ಬಂದಾಗ ಯಾರು ಎತ್ತ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟ ಯೋಜನೆ. ಒಬ್ಬ ಕೋಚ್ ಚೆಂಡು ಎಸೆಯುವ ಆಟ ಆಡಿಸಿದರೆ ಇನ್ನೊಬ್ಬ ಹೊತ್ತು ಓಡುವ ಆಟ ಆಡಿಸುತ್ತಾನೆ. ಒಬ್ಬನ ಯೋಜನೆಗೆ ಹೇಳಿ ಮಾಡಿಸಿದಂತಿದ್ದ ಹುಡುಗ ಇನ್ನೊಬ್ಬನ ಯೋಜನೆಯಲ್ಲಿ ಬೆಂಚಿಗೆ ಬೀಳಬಹುದು. ಆದ್ದರಿಂದ ಕೋಚ್ ಬದಲಾದರೆ ಅದು ಒಬ್ಬ ವ್ಯಕ್ತಿಯ ಬದಲಾವಣೆ ಮಾತ್ರವಲ್ಲ, ನೂರು ಹುಡುಗರ ಭವಿಷ್ಯದ ಪ್ರಶ್ನೆ.

ಇನ್ನು ಸಣ್ಣ ಕಾಲೇಜು ಎಂದರೇನು? ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದು 1973ರಲ್ಲಿ ತನ್ನ ಸದಸ್ಯ ಕಾಲೇಜುಗಳನ್ನು ಮೂರು ವಿಭಾಗಗಳಾಗಿ ವಿಂಗಡಿಸಿತು. ಟೆಲಿವಿಷನ್ನಿನಲ್ಲಿ ಕಾಣುವ, ಲಕ್ಷ ಜನ ಕೂರುವ ಕ್ರೀಡಾಂಗಣಗಳ ದೊಡ್ಡ ವಿಶ್ವವಿದ್ಯಾಲಯಗಳು ಮೊದಲ ವಿಭಾಗದವು. ಮೂರನೆಯ ವಿಭಾಗದಲ್ಲಿ ಸುಮಾರು 240 ಕಾಲೇಜುಗಳು ಫುಟ್‌ಬಾಲ್ ಆಡುತ್ತವೆ. ಇವುಗಳಲ್ಲಿ ಹೆಚ್ಚಿನವು ಖಾಸಗಿಯವು, ಒಂದೆರಡು ಸಾವಿರ ವಿದ್ಯಾರ್ಥಿಗಳಿರುವಂಥವು. ಇಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹುಡುಗ ಆಡುವುದು ಆಟದ ಮೇಲಿನ ಆಸೆಗೆ.

ದೊಡ್ಡವರ ಲೆಕ್ಕ, ಚಿಕ್ಕವರ ಲೆಕ್ಕ

ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕೋಚ್ ಬದಲಾವಣೆ ಹಣದ ಆಟ. 2023ರ ನವೆಂಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಒಪ್ಪಂದದ ಅವಧಿ ಮುಗಿಯುವ ಮೊದಲೇ ತೆಗೆದುಹಾಕಿತು. ಅದಕ್ಕಾಗಿ ಅವರಿಗೆ ಕೊಡಬೇಕಾಗಿ ಬಂದ ಪರಿಹಾರ 7.5 ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡದೇ ಇರುವುದಕ್ಕೆ ಇಷ್ಟು ಹಣ!

ಸಣ್ಣ ಕಾಲೇಜಿನಲ್ಲಿ ಇಂಥ ಮಾತೇ ಇಲ್ಲ. ಎಷ್ಟೋ ಕಡೆ ಕೋಚ್‌ನ ನೇಮಕ ವರ್ಷದಿಂದ ವರ್ಷಕ್ಕೆ ಮುಂದುವರಿಯುವಂಥದ್ದು. ಅವನು ದೈಹಿಕ ಶಿಕ್ಷಣದ ತರಗತಿ ತೆಗೆದುಕೊಳ್ಳಬಹುದು, ಇನ್ನೊಂದು ಆಟದ ತಂಡಕ್ಕೆ ಸಹಾಯ ಮಾಡಬಹುದು, ಬಸ್ಸು, ಊಟದ ವ್ಯವಸ್ಥೆಯನ್ನೂ ನೋಡಿಕೊಳ್ಳಬಹುದು. ಅವನ ಸಹಾಯಕರಲ್ಲಿ ಹಲವರು ಅರೆಕಾಲಿಕರು. ಹಗಲು ಬೇರೆ ಕೆಲಸ, ಸಂಜೆ ಮೈದಾನ.

ಹಾಗೆಂದು ಇಲ್ಲಿ ಹಣದ ಪ್ರಶ್ನೆಯೇ ಇಲ್ಲವೆಂದಲ್ಲ. ಲೆಕ್ಕ ತಿರುಗುಮುರುಗಾಗಿದೆ, ಅಷ್ಟೆ. ದೊಡ್ಡ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಹಣ ತರುವುದು ಟಿಕೆಟ್ ಮತ್ತು ಟೆಲಿವಿಷನ್ನಿನಿಂದ. ಸಣ್ಣ ಕಾಲೇಜಿಗೆ ತರುವುದು ಆಟಗಾರ ಕಟ್ಟುವ ಶುಲ್ಕದಿಂದ. 1,500 ವಿದ್ಯಾರ್ಥಿಗಳಿರುವ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಅದರಲ್ಲಿ ಅರ್ಧ ಹುಡುಗರು, ಅಂದರೆ 750. ಫುಟ್‌ಬಾಲ್ ತಂಡದಲ್ಲಿ ನೂರು ಜನರಿದ್ದರೆ ಏಳೆಂಟು ಹುಡುಗರಲ್ಲಿ ಒಬ್ಬ ಫುಟ್‌ಬಾಲ್ ಆಟಗಾರ. ಅವನು ಆ ಕಾಲೇಜಿಗೆ ಬಂದದ್ದೇ ಕೋಚ್ ಅವನ ಮನೆಗೆ ಹೋಗಿ ತಂದೆತಾಯಿಯ ಎದುರು ಕುಳಿತು ಒಪ್ಪಿಸಿದ್ದರಿಂದ. ಕೋಚ್ ಎಂದರೆ ಇಲ್ಲಿ ಪ್ರವೇಶಾತಿ ವಿಭಾಗದ ಅತ್ಯುತ್ತಮ ನೌಕರ ಎಂದರೂ ತಪ್ಪಿಲ್ಲ.

ಅಮೆರಿಕದಲ್ಲಿ 2008ರ ಆರ್ಥಿಕ ಹಿಂಜರಿತದ ನಂತರ ಜನನ ಪ್ರಮಾಣ ಇಳಿಯಿತು. ಅಂದು ಹುಟ್ಟದೇ ಹೋದ ಮಕ್ಕಳ ಕೊರತೆ ಹದಿನೆಂಟು ವರ್ಷಗಳ ನಂತರ ಕಾಲೇಜಿನ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತದೆ. ಸಣ್ಣ ಕಾಲೇಜುಗಳಿಗೆ ಒಬ್ಬೊಬ್ಬ ವಿದ್ಯಾರ್ಥಿಯೂ ಅಮೂಲ್ಯ. ಅಲಬಾಮದ ಬರ್ಮಿಂಗ್‌ಹ್ಯಾಮ್ ಸದರ್ನ್ ಕಾಲೇಜು 2007ರಲ್ಲಿ ಫುಟ್‌ಬಾಲ್ ತಂಡವನ್ನು ಮತ್ತೆ ಕಟ್ಟಿತ್ತು. 2024ರ ಮೇ 31ರಂದು ಕಾಲೇಜೇ ಮುಚ್ಚಿಹೋಯಿತು. ಆಟವೊಂದೇ ಕಾಲೇಜನ್ನು ಉಳಿಸಲಾರದು. ಆದರೆ ತಪ್ಪು ಸಮಯದಲ್ಲಿ, ತಪ್ಪು ರೀತಿಯಲ್ಲಿ ಮಾಡಿದ ಕೋಚ್ ಬದಲಾವಣೆ ಕಾಲೇಜಿನ ಸಂಕಷ್ಟವನ್ನು ಇನ್ನಷ್ಟು ಹೆಚ್ಚಿಸಬಲ್ಲದು.

ನಿರ್ದೇಶಕರ ಮೇಜಿನ ಮೇಲೆ

ನಮ್ಮ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಇರುತ್ತಾರೆ. ಅವರೇ ತರಬೇತಿ ಕೊಡುತ್ತಾರೆ, ಅವರೇ ತಂಡ ಕರೆದೊಯ್ಯುತ್ತಾರೆ. ಅಮೆರಿಕದ ಕ್ರೀಡಾ ನಿರ್ದೇಶಕನ ಹುದ್ದೆ ಬೇರೆ. ಆತ ಮುಖ್ಯವಾಗಿ ಆಡಳಿತಗಾರ. ಹದಿನೈದು ಇಪ್ಪತ್ತು ಆಟಗಳ ತಂಡಗಳು, ಅವುಗಳ ಕೋಚ್‌ಗಳು, ಮೈದಾನ, ಆಯವ್ಯಯ ಎಲ್ಲ ಅವನ ಅಧೀನ. ಅವನ ಮೇಲೆ ಕಾಲೇಜಿನ ಅಧ್ಯಕ್ಷರು. ಹಿಂದೆ ತಾನೇ ಕೋಚ್ ಆಗಿದ್ದವನೂ ಇರಬಹುದು.

ಕೋಚ್ ಬದಲಾವಣೆ ಸೋಲಿನ ಮಾರನೆಯ ದಿನ ಹುಟ್ಟುವ ವಿಚಾರವಾಗಬಾರದು ಎಂಬುದು ಈ ವೃತ್ತಿಯ ಮೊದಲ ಪಾಠ. ಪ್ರತಿ ವರ್ಷದ ಕೊನೆಗೆ ಕೋಚ್‌ನ ಕೆಲಸದ ಲಿಖಿತ ಮೌಲ್ಯಮಾಪನ ನಡೆಯಬೇಕು. ಅದರಲ್ಲಿ ಗೆಲುವು ಸೋಲು ಒಂದು ಅಂಶ ಮಾತ್ರ. ಎಷ್ಟು ಹುಡುಗರು ಸೇರಿದರು, ಎಷ್ಟು ಜನ ನಡುವೆ ಬಿಟ್ಟುಹೋದರು, ಎಷ್ಟು ಜನ ಪದವಿ ಪಡೆದರು, ಶಿಸ್ತು ಹೇಗಿದೆ, ಗಾಯಗಳ ವಿಚಾರದಲ್ಲಿ ಎಚ್ಚರ ಎಷ್ಟು ಎಂಬುದೆಲ್ಲ ಅಲ್ಲಿ ಬರುತ್ತದೆ. ಹೀಗೆ ಮಾಡಿದ್ದರೆ ಆ ಮುಚ್ಚಿದ ಬಾಗಿಲಿನ ಮಾತು ಕೋಚ್‌ಗೆ ಸಿಡಿಲಿನಂತೆ ಎರಗುವುದಿಲ್ಲ.

ನಿರ್ಧಾರವಾದ ಮೇಲೆ ಕ್ರಮ ಮುಖ್ಯ. ಮೊದಲು ಅಧ್ಯಕ್ಷರ ಒಪ್ಪಿಗೆ. ನಂತರ ಕೋಚ್‌ಗೆ ಮುಖಾಮುಖಿ ತಿಳಿಸುವುದು. ಅದಾದ ಕೂಡಲೇ ಸಹಾಯಕ ಕೋಚ್‌ಗಳಿಗೆ. ಆಮೇಲೆ ಆಟಗಾರರ ಸಭೆ. ಕೊನೆಗೆ ಪತ್ರಿಕಾ ಪ್ರಕಟಣೆ. ಈ ಮೆಟ್ಟಿಲುಗಳ ನಡುವೆ ಇರುವುದು ಕೆಲವೇ ಗಂಟೆ. ಎಲ್ಲರ ಜೇಬಿನಲ್ಲೂ ಫೋನ್ ಇರುವ ಕಾಲದಲ್ಲಿ ತಡಮಾಡಿದರೆ ಹುಡುಗರಿಗೆ ಸುದ್ದಿ ಹೊರಗಿನಿಂದ ತಿಳಿಯುತ್ತದೆ. ತಮ್ಮ ಕೋಚ್ ಹೋದದ್ದನ್ನು ಅಪರಿಚಿತರಿಂದ ಕೇಳಿದ ಹುಡುಗ ಮತ್ತೆ ನಿರ್ದೇಶಕನನ್ನು ನಂಬುವುದು ಕಷ್ಟ.

ಆಟಗಾರರ ಸಭೆಯಲ್ಲಿ ಪ್ರಶ್ನೆಗಳು ಬರುತ್ತವೆ. ಯಾಕೆ ತೆಗೆದಿರಿ? ಮುಂದೆ ಯಾರು? ಎಲ್ಲದಕ್ಕೂ ಉತ್ತರ ಕೊಡಲು ಬರುವುದಿಲ್ಲ. ನೌಕರನೊಬ್ಬನ ವಿಚಾರವನ್ನು ಬಹಿರಂಗವಾಗಿ ಚರ್ಚಿಸುವಂತಿಲ್ಲ. ಆದರೆ ಮುಂದಿನ ದಾರಿಯನ್ನು ಹೇಳಬಹುದು. ಚಳಿಗಾಲದ ವ್ಯಾಯಾಮ ಯಾರು ನಡೆಸುತ್ತಾರೆ, ಹೊಸ ಕೋಚ್ ಸುಮಾರು ಯಾವಾಗ ಬರುತ್ತಾರೆ, ಆಯ್ಕೆಯಲ್ಲಿ ಆಟಗಾರರ ಮಾತಿಗೆ ಜಾಗವಿದೆಯೇ ಎಂಬುದನ್ನು ಹೇಳಲೇಬೇಕು.

ಅಷ್ಟರಲ್ಲಿ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಪ್ರೌಢಶಾಲೆಯ ಕೊನೆಯ ವರ್ಷದ ಹುಡುಗರು ಚಳಿಗಾಲದಲ್ಲಿ ಕಾಲೇಜುಗಳನ್ನು ನೋಡಿ ಬರುತ್ತಾರೆ. ಸೇರುವ ಕಾಲೇಜನ್ನು ತೀರ್ಮಾನಿಸಿ ಮುಂಗಡ ಕಟ್ಟಲು ಸಾಂಪ್ರದಾಯಿಕವಾಗಿ ಮೇ 1 ಕೊನೆಯ ದಿನ. ನವೆಂಬರ್‌ನಲ್ಲಿ ಹೋದ ಕೋಚ್‌ನ ಜಾಗ ಫೆಬ್ರುವರಿವರೆಗೆ ಖಾಲಿ ಉಳಿದರೆ ಆ ಹುಡುಗರ ಮನೆಗೆ ಫೋನ್ ಮಾಡುವವರು ಯಾರು? ಅದಕ್ಕೇ ಒಬ್ಬ ಸಹಾಯಕನನ್ನು ಹಂಗಾಮಿ ಕೋಚ್ ಮಾಡುವುದು ರೂಢಿ. ನೇಮಕವಾಗುತ್ತದೋ ಇಲ್ಲವೋ ಗೊತ್ತಿಲ್ಲದೆ, ತನ್ನ ಕೆಲಸವೇ ಉಳಿಯುವ ಖಾತ್ರಿಯಿಲ್ಲದೆ, ಆತ ಕಾಲೇಜಿನ ಪರವಾಗಿ ಹುಡುಗರನ್ನು ಒಪ್ಪಿಸಬೇಕು. ಇಡೀ ವ್ಯವಹಾರದಲ್ಲಿ ಅತ್ಯಂತ ಇಕ್ಕಟ್ಟಿನ ಸ್ಥಾನ ಅವನದೇ.

ಇನ್ನೊಂದೆಡೆ ಆಯ್ಕೆ ಸಮಿತಿ. ಅದರಲ್ಲಿ ಅಧ್ಯಾಪಕರು, ಪ್ರವೇಶಾತಿ ವಿಭಾಗದವರು, ಬೇರೆ ಆಟದ ಕೋಚ್, ಹಳೆಯ ವಿದ್ಯಾರ್ಥಿ, ಕೆಲವು ಕಡೆ ಆಟಗಾರರೂ ಇರುತ್ತಾರೆ. ಅರ್ಜಿಗಳು ರಾಶಿ ಬೀಳುತ್ತವೆ. ಜಾಣ ನಿರ್ದೇಶಕ ಹುದ್ದೆ ಖಾಲಿಯಾಗುವ ಮೊದಲೇ ನಾಲ್ಕೈದು ಹೆಸರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾನೆ. ಈಗಿನ ಕೋಚ್ ಚೆನ್ನಾಗಿಯೇ ಇದ್ದರೂ ಇದು ಅಗತ್ಯ. ಏಕೆಂದರೆ ಗೆಲ್ಲುವ ಕೋಚ್‌ನನ್ನು ಯಾವ ದಿನ ಬೇಕಾದರೂ ದೊಡ್ಡ ಕಾಲೇಜು ಕರೆದುಕೊಂಡು ಹೋಗಬಹುದು.

ಎಪ್ಪತ್ತರ ನಿವೃತ್ತಿ, ತೊಂಬತ್ತರವರೆಗೆ ಕೆಲಸ

ಈ ಸಮಸ್ಯೆ ಹೊಸದಲ್ಲ. 1892ರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಆಮೋಸ್ ಅಲೊಂಜೊ ಸ್ಟ್ಯಾಗ್ ಎಂಬ ಯುವಕನನ್ನು ಅಧ್ಯಾಪಕನ ದರ್ಜೆ ಕೊಟ್ಟು ಕರೆಸಿಕೊಂಡಿತು. ತಂಡದ ಕೋಚ್ ಅವರೇ, ಕ್ರೀಡಾ ವಿಭಾಗದ ಮುಖ್ಯಸ್ಥರೂ ಅವರೇ. ನಲವತ್ತು ವರ್ಷ ಹೀಗೆಯೇ ನಡೆಯಿತು. 1932ರಲ್ಲಿ ಸ್ಟ್ಯಾಗ್‌ಗೆ ಎಪ್ಪತ್ತು ತುಂಬಿತು. ಮೂವತ್ತರ ವಯಸ್ಸಿನಲ್ಲೇ ಅಧ್ಯಕ್ಷರಾಗಿದ್ದ ರಾಬರ್ಟ್ ಮೇನಾರ್ಡ್ ಹಚಿನ್ಸ್ ನಿವೃತ್ತಿಯ ನಿಯಮವನ್ನು ಮುಂದಿಟ್ಟರು. ಬೇರೆ ಗೌರವದ ಹುದ್ದೆಯ ಮಾತೂ ಬಂತು, ಸ್ಟ್ಯಾಗ್ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮೈದಾನ.

ಅವರು ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದ ಪೆಸಿಫಿಕ್ ಸೇರಿ 1946ರವರೆಗೆ ತಂಡ ನಡೆಸಿದರು. ಅನಂತರ ಪೆನ್ಸಿಲ್ವೇನಿಯಾದ ಸಣ್ಣ ಕಾಲೇಜು ಸಸ್ಕ್ವೆಹಾನಾದಲ್ಲಿ, ಅಲ್ಲಿ ಕೋಚ್ ಆಗಿದ್ದ ಮಗನ ಜೊತೆ 1952ರವರೆಗೆ ದುಡಿದರು. ಆಗ ಅವರ ವಯಸ್ಸು ತೊಂಬತ್ತು! ಷಿಕಾಗೊ 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟಿತು. ಮೂವತ್ತು ವರ್ಷಗಳ ನಂತರ, 1969ರಲ್ಲಿ ಮತ್ತೆ ಆರಂಭಿಸಿ, ಸಣ್ಣ ಕಾಲೇಜುಗಳ ಸಾಲಿಗೆ ಸೇರಿತು. ಮೂರನೆಯ ವಿಭಾಗದ ರಾಷ್ಟ್ರೀಯ ಅಂತಿಮ ಪಂದ್ಯಕ್ಕೆ ಸ್ಟ್ಯಾಗ್ ಬೌಲ್ ಎಂದೇ ಹೆಸರು.

ಹಚಿನ್ಸ್ ನಿಯಮದ ಪ್ರಕಾರ ಸರಿಯಾಗಿಯೇ ಇದ್ದರು. ಆದರೆ ನಲವತ್ತು ವರ್ಷ ದುಡಿದ ಮನುಷ್ಯನನ್ನು ನಿಯಮದ ಪುಸ್ತಕ ತೋರಿಸಿ ಕಳಿಸಿದರೆ ಅವನು ಹೋಗಬಹುದು, ಒಪ್ಪುವುದಿಲ್ಲ.

ಗ್ರಾಂಬ್ಲಿಂಗ್ ಕಲಿಸಿದ ಪಾಠ

ಲೂಸಿಯಾನಾ ರಾಜ್ಯದ ಗ್ರಾಂಬ್ಲಿಂಗ್ ಒಂದು ಪುಟ್ಟ ಊರು. ಅಲ್ಲಿನ ಕಾಲೇಜು, ಕರಿಯರಿಗೆ ಬೇರೆ ಕಡೆ ಪ್ರವೇಶವಿಲ್ಲದ ಕಾಲದಲ್ಲಿ ಅವರಿಗಾಗಿಯೇ ಕಟ್ಟಿದ್ದು. 1941ರಲ್ಲಿ ಎಡ್ಡಿ ರಾಬಿನ್ಸನ್ ಅಲ್ಲಿ ಕೋಚ್ ಆದರು. ಅವರ ತಂಡಗಳು ಒಟ್ಟು 408 ಪಂದ್ಯ ಗೆದ್ದವು. ಅವರ ಶಿಷ್ಯರು ವೃತ್ತಿಪರ ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದರು.

ಆದರೆ 1995 ಮತ್ತು 1996ರಲ್ಲಿ ಗೆಲುವಿಗಿಂತ ಸೋಲುಗಳೇ ಹೆಚ್ಚಾದವು. 1996ರ ಕೊನೆಗೆ ಆಡಳಿತವು ಅವರನ್ನು ಕೆಳಗಿಳಿಯುವಂತೆ ಕೇಳಿತು. ಜನ ಸಿಟ್ಟಿಗೆದ್ದರು. ರಾಜ್ಯದ ಗವರ್ನರ್ ಕೂಡ ಮಧ್ಯೆ ಬಂದರು. ಕೊನೆಗೆ ರಾಬಿನ್ಸನ್‌ಗೆ ಇನ್ನೊಂದು ವರ್ಷ ಸಿಕ್ಕಿತು. 1997ರ ಋತು ಗೆಲುವಿನ ದೃಷ್ಟಿಯಿಂದ ಚೆನ್ನಾಗಿರಲಿಲ್ಲ. ಆದರೆ ಊರೂರಿನ ಜನ ಅವರಿಗೆ ವಿದಾಯ ಹೇಳಲು ಒಂದು ವರ್ಷ ಸಿಕ್ಕಂತಾಯಿತು.

ಅವರ ಜಾಗಕ್ಕೆ 1998ರಲ್ಲಿ ಬಂದವರು ಡಗ್ ವಿಲಿಯಮ್ಸ್, ರಾಬಿನ್ಸನ್ ಅವರದೇ ಶಿಷ್ಯ. 1988ರ ಜನವರಿಯ ಸೂಪರ್ ಬೌಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಆಡಿ ಪಂದ್ಯದ ಶ್ರೇಷ್ಠ ಆಟಗಾರ ಎನಿಸಿದವರು. ಆ ಸ್ಥಾನದಲ್ಲಿ ಅಂತಿಮ ಪಂದ್ಯ ಆರಂಭಿಸಿದ ಮೊದಲ ಕರಿಯ ಆಟಗಾರ. ಅವರು 2003ರವರೆಗೆ ಇದ್ದು ಬೇರೆಡೆ ಹೋದರು, 2011ರಲ್ಲಿ ಮರಳಿದರು. 2013ರ ಸೆಪ್ಟೆಂಬರ್‌ನಲ್ಲಿ, ಋತುವಿನ ಎರಡೇ ಪಂದ್ಯಗಳ ನಂತರ, ಅವರನ್ನು ವಜಾ ಮಾಡಲಾಯಿತು.

ಮುಂದಿನದು ಕ್ರೀಡಾ ಇತಿಹಾಸದಲ್ಲೇ ಅಪರೂಪದ ಘಟನೆ. ರಾಜ್ಯದ ಅನುದಾನ ಕಡಿತದಿಂದ ಕಾಲೇಜು ಮೊದಲೇ ಸೊರಗಿತ್ತು. ವ್ಯಾಯಾಮಶಾಲೆಯ ದುಃಸ್ಥಿತಿ, ದೂರದೂರಿಗೆ ಬಸ್ಸಿನಲ್ಲೇ ಪ್ರಯಾಣ ಇವೆಲ್ಲ ಆಟಗಾರರ ಮನಸ್ಸಿನಲ್ಲಿ ಕುದಿಯುತ್ತಿದ್ದವು. ಕೋಚ್‌ನ ವಜಾ ಆ ಕುದಿಗೆ ಕಿಡಿ ಹಚ್ಚಿತು. ಅಕ್ಟೋಬರ್‌ನಲ್ಲಿ ಹುಡುಗರು ಅಭ್ಯಾಸ ನಿಲ್ಲಿಸಿದರು. ಅಕ್ಟೋಬರ್ 19ರಂದು ಜಾಕ್ಸನ್ ಸ್ಟೇಟ್ ವಿರುದ್ಧದ ಪಂದ್ಯಕ್ಕೆ ಹೋಗಲಿಲ್ಲ. ಪಂದ್ಯವನ್ನು ಆಡದೇ ಬಿಟ್ಟುಕೊಡಬೇಕಾಯಿತು. ಹಂಗಾಮಿ ಕೋಚ್ ಕೂಡ ಬದಲಾದರು. ಆಮೇಲಷ್ಟೇ ತಂಡ ಮೈದಾನಕ್ಕಿಳಿಯಿತು.

1997ರಲ್ಲಿ ಮತ್ತು 2013ರಲ್ಲಿ ಕೋಚ್ ಬದಲಾದದ್ದು ಒಂದೇ ಕಾಲೇಜಿನಲ್ಲಿ. ಮೊದಲನೆಯ ಸಲ ಆಡಳಿತ ಎಡವಿದರೂ ಸಮಯ ಕೊಟ್ಟು ಸರಿಪಡಿಸಿಕೊಂಡಿತು. ಎರಡನೆಯ ಸಲ ಋತುವಿನ ನಡುವೆ, ಹುಡುಗರ ದೂರುಗಳು ಹಾಗೇ ಉಳಿದಿರುವಾಗ ನಿರ್ಧಾರ ಬಂತು. ಕೋಚ್ ಒಬ್ಬನನ್ನು ತೆಗೆಯುವಾಗ ತಂಡದ ಬೇರೆಲ್ಲ ನೋವುಗಳೂ ಒಟ್ಟಿಗೆ ಮೇಲೆದ್ದು ಬರುತ್ತವೆ ಎಂಬುದನ್ನು ನಿರ್ದೇಶಕರು ಮರೆಯುವಂತಿಲ್ಲ.

ತಂದೆಯ ನಂತರ ಮಗ, ಗುರುವಿನ ನಂತರ ಶಿಷ್ಯ

ಚೆನ್ನಾಗಿ ನಡೆದ ಬದಲಾವಣೆಗಳೂ ಇವೆ. ಮಿನ್ನೆಸೋಟಾದ ಸೇಂಟ್ ಜಾನ್ಸ್ ಕಾಲೇಜಿಗೆ 1953ರಲ್ಲಿ ಬಂದ ಜಾನ್ ಗಾಲ್ಯಾರ್ಡಿ 2012ರವರೆಗೆ, ಅರವತ್ತು ಋತು, ಅಲ್ಲೇ ಕೋಚ್ ಆಗಿದ್ದರು. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿಲ್ಲ, ಸೀಟಿ ಊದುವಂತಿಲ್ಲ, ತಮ್ಮನ್ನು ಕೋಚ್ ಎನ್ನದೆ ಜಾನ್ ಎಂದೇ ಕರೆಯಬೇಕು ಎಂಬುದು ಅವರ ಕ್ರಮ. 2003ರ ನವೆಂಬರ್‌ನಲ್ಲಿ ಅವರು ರಾಬಿನ್ಸನ್ ಅವರ 408 ಗೆಲುವಿನ ದಾಖಲೆ ದಾಟಿದರು. ಒಟ್ಟು 489 ಗೆಲುವು ಗಳಿಸಿ ತಮ್ಮ 86ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಗ್ಯಾರಿ ಫಾಶಿಂಗ್. ಗಾಲ್ಯಾರ್ಡಿ ಅವರ ಕೈಕೆಳಗೆ ಆಡಿದವರು, ಹಲವು ವರ್ಷ ಅವರ ಸಹಾಯಕರಾಗಿದ್ದವರು. ಹುಡುಗರಿಗೆ ಅವರು ಹೊಸಬರಲ್ಲ. ಹಳೆಯ ವಿದ್ಯಾರ್ಥಿಗಳಿಗೂ ಪರಿಚಿತರೇ.

ಓಹಿಯೊ ರಾಜ್ಯದ ಮೌಂಟ್ ಯೂನಿಯನ್‌ನದು ಇನ್ನೂ ಕುತೂಹಲದ ಕಥೆ. ಲ್ಯಾರಿ ಕೆರೆಸ್ 1986ರಿಂದ 2012ರವರೆಗೆ 27 ಋತುಗಳಲ್ಲಿ 332 ಪಂದ್ಯ ಗೆದ್ದು, 24 ಸೋತು, 11 ರಾಷ್ಟ್ರೀಯ ಪ್ರಶಸ್ತಿ ತಂದರು. ಅವರು ಕ್ರೀಡಾ ನಿರ್ದೇಶಕರೂ ಆಗಿದ್ದರು. 2013ರ ಮೇ ತಿಂಗಳಲ್ಲಿ ಕೋಚ್ ಹುದ್ದೆ ಬಿಟ್ಟು ನಿರ್ದೇಶಕರಾಗಿ ಮುಂದುವರಿದರು. ಹೊಸ ಕೋಚ್ ಆದವರು ಅವರ ಮಗ ವಿನ್ಸ್.

ಸ್ವಜನಪಕ್ಷಪಾತದ ಮಾತು ಏಳಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ಆದರೆ ವಿನ್ಸ್ ಆ ಹೊತ್ತಿಗಾಗಲೇ ತಂಡದ ರಕ್ಷಣಾ ವಿಭಾಗವನ್ನು ನಡೆಸುತ್ತಿದ್ದವರು, ಅವರ ಕೆಲಸ ಎಲ್ಲರ ಕಣ್ಣೆದುರಿಗಿತ್ತು. ಏಳು ಋತುಗಳಲ್ಲಿ ಅವರ ತಂಡ 95 ಗೆದ್ದು ಕೇವಲ 6 ಸೋತಿತು. 2015 ಮತ್ತು 2017ರಲ್ಲಿ ರಾಷ್ಟ್ರೀಯ ಪ್ರಶಸ್ತಿಯೂ ಬಂತು. 2020ರಲ್ಲಿ ಅವರು ಟೊಲೆಡೊ ವಿಶ್ವವಿದ್ಯಾಲಯಕ್ಕೆ ಹೋದರು. ಮುಖ್ಯ ಕೋಚ್ ಆಗಿ ಅಲ್ಲ, ರಕ್ಷಣಾ ವಿಭಾಗದ ಸಹಾಯಕ ಕೋಚ್ ಆಗಿ. ಮೂರನೆಯ ವಿಭಾಗದ ಅತ್ಯುತ್ತಮ ಹುದ್ದೆಗಿಂತ ಮೊದಲ ವಿಭಾಗದ ಎರಡನೆಯ ಹುದ್ದೆ ಆಕರ್ಷಕವಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಮೌಂಟ್ ಯೂನಿಯನ್ ಮತ್ತೆ ತನ್ನ ಸಹಾಯಕರಲ್ಲೇ ಒಬ್ಬರಾದ ಜೆಫ್ ಡಾರ್ಟ್ ಅವರನ್ನು ಆರಿಸಿತು.

ಒಳಗಿನವರನ್ನು ಆರಿಸುವುದೇ ಸರಿ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಗೆಲ್ಲುತ್ತಿರುವ ತಂಡಕ್ಕೆ ಮುಂದುವರಿಕೆ ಬೇಕು, ಒಳಗಿನವರು ಒಪ್ಪುತ್ತಾರೆ. ಸೋತು ಸುಣ್ಣವಾದ ತಂಡಕ್ಕೆ ಹೊಸ ಗಾಳಿ ಬೇಕು, ಹೊರಗಿನವರನ್ನು ಹುಡುಕಬೇಕು. ತನ್ನ ತಂಡ ಯಾವ ಸ್ಥಿತಿಯಲ್ಲಿದೆ ಎಂದು ಪ್ರಾಮಾಣಿಕವಾಗಿ ಅರಿಯುವುದೇ ನಿರ್ದೇಶಕನ ಕೆಲಸ.

ಆಟವೇ ನಿಂತಾಗ

ಕೆಲವೊಮ್ಮೆ ಕೋಚ್ ಬದಲಾವಣೆಯಿಂದ ತೀರದ ಪ್ರಶ್ನೆ ಎದುರಾಗುತ್ತದೆ. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್, ಓದಿಗೆ ಹೆಸರಾದ ಕಾಲೇಜು. 2000ರ ಡಿಸೆಂಬರ್‌ನಲ್ಲಿ ಅದರ ಆಡಳಿತ ಮಂಡಳಿ ಫುಟ್‌ಬಾಲ್ ತಂಡವನ್ನೇ ರದ್ದು ಮಾಡಿತು. ಅಷ್ಟು ಸಣ್ಣ ಕಾಲೇಜಿನಲ್ಲಿ ಪ್ರವೇಶದ ಸೀಟುಗಳಲ್ಲಿ ಬಹಳಷ್ಟು ಆಟಗಾರರಿಗೇ ಮೀಸಲಾಗಬೇಕಾಗುತ್ತದೆ ಎಂಬುದು ಮುಖ್ಯ ಕಾರಣ. ಆಟಗಾರರೂ ಹಳೆಯ ವಿದ್ಯಾರ್ಥಿಗಳೂ ಬಹಳ ನೊಂದರು. ಒಂದು ಕಾಲೇಜಿಗೆ ವಿದ್ಯಾರ್ಥಿಗಳನ್ನು ತರುವ ಆಟ ಇನ್ನೊಂದು ಕಾಲೇಜಿಗೆ ಸೀಟು ತಿನ್ನುವ ಆಟವಾಗಿ ಕಂಡಿತು. ಕಾಲೇಜಿಗೆ ಆಟ ಏಕೆ ಬೇಕು ಎಂಬುದು ಇತ್ಯರ್ಥವಾಗದೆ ಎಂಥ ಕೋಚ್ ಬೇಕು ಎಂಬುದೂ ಇತ್ಯರ್ಥವಾಗುವುದಿಲ್ಲ.

ಕೊನೆಯದಾಗಿ, ಹೋಗುವ ಕೋಚ್‌ನ ಮಾತು. ಅವನಿಗೆ ಹೆಂಡತಿ ಮಕ್ಕಳಿದ್ದಾರೆ. ಪುಟ್ಟ ಊರಿನಲ್ಲಿ ಮಕ್ಕಳು ಅದೇ ಶಾಲೆಗೆ ಹೋಗಬೇಕು, ಅಂಗಡಿಯಲ್ಲಿ ಅದೇ ಜನ ಎದುರಾಗುತ್ತಾರೆ. ಅವನ ಸಹಾಯಕರು ಮುಂದಿನ ಊರು ಹುಡುಕಬೇಕು. ಕೆಲಸ ಹೋದವನಿಗೆ ಸ್ವಲ್ಪ ಕಾಲ ಸಂಬಳ, ತನ್ನ ಹುಡುಗರೊಂದಿಗೆ ಕೊನೆಯದಾಗಿ ಮಾತನಾಡಲು ಒಂದು ಅವಕಾಶ, ಮುಂದಿನ ಕೆಲಸಕ್ಕೆ ಒಂದು ಒಳ್ಳೆಯ ಮಾತು ಇಷ್ಟನ್ನು ಕೊಡಲು ಬಡ ಕಾಲೇಜಿಗೂ ಸಾಧ್ಯ.

ನಿರ್ದೇಶಕ ಇದನ್ನು ಹೇಗೆ ನಡೆಸಿದ ಎಂಬುದನ್ನು ಆ ನೂರು ಹುಡುಗರು ನೋಡುತ್ತಿರುತ್ತಾರೆ. ಅವರಲ್ಲಿ ವೃತ್ತಿಪರ ಆಟಗಾರರಾಗುವವರು ತೀರಾ ವಿರಳ. ಉಳಿದವರು ಮುಂದೆ ಶಿಕ್ಷಕರಾಗುತ್ತಾರೆ, ಗುಮಾಸ್ತರಾಗುತ್ತಾರೆ, ವ್ಯಾಪಾರ ಮಾಡುತ್ತಾರೆ. ಮುಂದೊಂದು ದಿನ ತಾವೂ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಕಹಿ ಸುದ್ದಿ ಹೇಳಬೇಕಾಗಿ ಬಂದಾಗ, ಆ ನವೆಂಬರ್ ತಿಂಗಳ ಸಭೆ ಅವರಿಗೆ ನೆನಪಾಗುತ್ತದೆ.